ಕೊಡದ ಮೇಲಿನ ಹೆಸರು

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವೀರಭದ್ರಮ್ಮನ ಖಾನಾವಳಿ ಇದೆ. ಬೋರ್ಡಿಲ್ಲ. ಬೋರ್ಡು ಬೇಕೂ ಇಲ್ಲ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳುತ್ತದೆ. ಹೆಸರು ಹಿಡಿದು ಕೇಳಿದರೆ ಮಾತ್ರ ಯಾರೂ ದಾರಿ ತೋರಿಸುವುದಿಲ್ಲ. ಗೊಬ್ಬರದಂಗಡಿ ಸೂಗಪ್ಪನ ಹೆಂಡತಿ ಎಂದರೆ ತೋರಿಸುತ್ತಾರೆ, ರಾಜಶ್ರೀಯ ಅವ್ವ ಎಂದರೆ ತೋರಿಸುತ್ತಾರೆ, ರೊಟ್ಟಿ ಅಕ್ಕ ಎಂದರಂತೂ ಗೊರೇಬಾಳದ ಆಟೋದವನು ಬಾಗಿಲಿಗೇ ತಂದು ಇಳಿಸುತ್ತಾನೆ. ವೀರಭದ್ರಮ್ಮ ಎಂಬ ಹೆಸರು ಇದ್ದದ್ದು ಎರಡೇ ಕಡೆ: ಆಧಾರ್ ಕಾರ್ಡಿನ ಮೇಲೆ, ಇನ್ನೊಂದು ಹಿತ್ತಾಳೆ ಕೊಡದ ಮೇಲೆ. ಕಾರ್ಡು ಟ್ರಂಕಿನಲ್ಲಿ ಭದ್ರವಾಗಿತ್ತು. ಕೊಡ ಮಾತ್ರ ಮನೆಯಲ್ಲಿರಲಿಲ್ಲ.

ಅದು ಮದುವೆಯಲ್ಲಿ ಅವಳ ತಾಯಿ ಪಾರ್ವತೆಮ್ಮ ಕೊಟ್ಟ ಕೊಡ. ಪಾರ್ವತೆಮ್ಮ ಹುಟ್ಟಿದ್ದು ಲಿಂಗಸೂಗೂರಿನಲ್ಲಿ, ಕೊಟ್ಟದ್ದು ಮಸ್ಕಿಗೆ. ಮಗಳ ಮದುವೆ ಗೊತ್ತಾದಾಗ ತವರೂರಿನ ಸಂತೆಗೇ ಹೋಗಿ, ಬೆರಳಿಂದ ಬಾರಿಸಿ ಸಪ್ಪಳ ಕೇಳಿ, ಕೊಡ ಆರಿಸಿ ತಂದಿದ್ದಳು. ಆಮೇಲೆ ಪಾತ್ರೆ ಅಂಗಡಿಯವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೊರಳಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಮಗಳ ಹೆಸರು ಹಾಕಿಸಿದ್ದಳು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುವುದು ಚಂದಕ್ಕಲ್ಲ. ಮದುವೆ ಮುಂಜಿಗೆ ಪಾತ್ರೆ ಕಡ ಹೋಗುತ್ತವೆ; ಹತ್ತು ಮನೆಯ ಕೊಡಗಳು ಒಂದೇ ಬಚ್ಚಲಲ್ಲಿ ಬಿದ್ದಿರುತ್ತವೆ. ತಿರುಗಿ ತಮ್ಮ ಮನೆಗೇ ಬರಲಿ ಅಂತ ಹೆಸರು. ಅಷ್ಟು ಮುಂದಾಲೋಚನೆ ಮಾಡಿದ್ದ ಪಾರ್ವತೆಮ್ಮ ಅಳಿಯನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಳಿಯ ಸೂಗಪ್ಪ ಮನೆಗೆ ಮಾರಿ, ಊರಿಗೆ ಉಪಕಾರಿ. ಕಾಲೇಜಿನಲ್ಲಿ ಹಾಕಿ ಆಡಿದ್ದನಂತೆ, ಗೋಲ್‌ಕೀಪರ್ ಆಗಿದ್ದನಂತೆ. ಗೋಲು ಬಿಟ್ಟನೋ ತಡೆದನೋ ನೋಡಿದವರು ಯಾರೂ ಈಗ ಸಿಕ್ಕುವುದಿಲ್ಲ. ಈ ಸೀಮೆಯಲ್ಲಿ ಹುಡುಗರು ನಡೆಯುವುದಕ್ಕೆ ಮುಂಚೆ ಕ್ರಿಕೆಟ್ ಬ್ಯಾಟು ಹಿಡಿಯುತ್ತಾರೆ. ಅಂಥದ್ದರಲ್ಲಿ ಹಾಕಿ ಬೆಳೆಸುತ್ತೇನೆಂದು ಹೊರಟ. ಜೋಡಿಗೆ ಇಬ್ಬರು ಸಿಕ್ಕರು. ಲಿಂಗಸೂಗೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ದಸ್ತಗೀರ್‌ಸಾಬ್, ಮಸ್ಕಿಯ ಡ್ರಿಲ್ ಮಾಸ್ತರ ವೆಂಕೋಬ. ಮೂರು ಊರು, ಮೂರು ತಂಡ, ವರ್ಷಕ್ಕೊಮ್ಮೆ ಸರದಿಯ ಮೇಲೆ ಒಂದೊಂದು ಊರಲ್ಲಿ ಫೈನಲ್ ಎಂದು ಗೊತ್ತುಮಾಡಿದರು.

ಮೊದಲ ವರ್ಷದ ಫೈನಲ್ ಸಿಂಧನೂರಿನಲ್ಲಿ. ಕಪ್ ತರುತ್ತೇನೆಂದು ಎದೆ ತಟ್ಟಿ ಹೇಳಿದ್ದ ಒಬ್ಬ ಪುಢಾರಿ ಶಾಲು ಹಾರ ಹಾಕಿಸಿಕೊಳ್ಳಲು ಹೊತ್ತಿಗೆ ಸರಿಯಾಗಿ ಬಂದ. ಕಪ್ ತರಲಿಲ್ಲ. ಗೆದ್ದ ಲಿಂಗಸೂಗೂರಿನ ಹುಡುಗರು ಕೈಯೊಡ್ಡಿ ನಿಂತಿದ್ದಾರೆ, ಕೊಡಲು ಏನೂ ಇಲ್ಲ. ಸೂಗಪ್ಪ ಸ್ಕೂಟರ್ ಹತ್ತಿ ಮನೆಗೆ ಬಂದವನೇ ನೀರಿನ ಕಟ್ಟೆಯ ಮೇಲಿದ್ದ ತುಂಬಿದ ಕೊಡವನ್ನು ಬಚ್ಚಲಿಗೆ ಬಗ್ಗಿಸಿ, ಬಗಲಲ್ಲಿ ಇರುಕಿಕೊಂಡು ಹೋದ.

"ಎಲ್ಲಿಗ್ರೀ ಕೊಡಾ?" ಎಂದು ವೀರಭದ್ರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದಳು.

"ಒಂದು ವರ್ಷದ ಮಾತು ಬೇ. ಮುಂದಿನ ಸಲ ನಾವ ಗೆದ್ದು ತರ್ತೀವಿ!"

ಸಿಂಧನೂರು ಆಮೇಲೆ ಗೆಲ್ಲಲೇ ಇಲ್ಲ. ಒಮ್ಮೆ ಲಿಂಗಸೂಗೂರು, ಒಮ್ಮೆ ಮಸ್ಕಿ, ಕೊಡ ಆ ಎರಡೂರ ನಡುವೆ ಬಸ್ಸು ಹತ್ತಿ ಇಳಿದು ತಿರುಗುತ್ತಲೇ ಇತ್ತು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುತ್ತಾರೆ. ಇಲ್ಲಿ ಈರಭದ್ರನ ಹೆಸರಿನವಳೇ ಕೋಡಂಗಿಯಾದಳು. ಪ್ರತಿ ವರ್ಷ ಕೇಳಿದಳು. "ಅದು ಈಗ ಮೂರು ಊರಿನ ಆಸ್ತಿ, ಹಂಗೆಲ್ಲ ಕೇಳಬಾರದು" ಎಂದ ಗಂಡ, ಬದಲಿಗೆ ಒಂದು ಸ್ಟೀಲ್ ಕೊಡ ತಂದುಕೊಟ್ಟ. ಆ ಸ್ಟೀಲ್ ಕೊಡದಲ್ಲಿ ಅವಳು ಇವತ್ತಿಗೂ ಗೋಧಿ ತುಂಬಿಡುತ್ತಾಳೆ, ನೀರು ತುಂಬಿಲ್ಲ.

ಈ ವರ್ಷ ಕೇಳುವುದಕ್ಕೆ ಗಟ್ಟಿ ಕಾರಣವಿತ್ತು. ಮಗಳು ರಾಜಶ್ರೀಯ ಲಗ್ನ ಗೊತ್ತಾಗಿತ್ತು. ತಾಯಿ ಕೊಟ್ಟ ಕೊಡವನ್ನು ಮಗಳ ಟೊಂಕದ ಮೇಲಿಟ್ಟು ಕಳಿಸಬೇಕು ಎನ್ನುವುದು ವೀರಭದ್ರಮ್ಮನ ಒಂದೇ ಹಟ. ಚಿನ್ನ ಕಡಿಮೆಯಾದರೆ ಆದೀತು, ಅದು ಆಗದು.

ಅದೇ ಹೊತ್ತಿಗೆ ದಾರಿಯೂ ಒಂದು ತೆರೆಯಿತು. ಅಕ್ಕಿ ಗಿರಣಿಯ ಪಂಪಾಪತಿ ಸಾಹುಕಾರರು ಮಗುವಿನಷ್ಟು ಎತ್ತರದ ಬೆಳ್ಳಿ ಬಣ್ಣದ ಕಪ್ ಕೊಡಿಸಲು ಒಪ್ಪಿದರು. "ಟೂರ್ನಿಗೆ ಒಂದು ಖಾಯಂ ಹೆಸರು ಗೊತ್ತು ಮಾಡ್ರಿ, ಕಪ್ಪಿನ ಮ್ಯಾಲೆ ಬರಸ್ತೀನಿ. ನಿಮಗ ಆಗಲಿಲ್ಲ ಅಂದ್ರ ನಮ್ಮ ಅಪ್ಪಾರ ಹೆಸರು ಹಾಕಸ್ತೀನಿ" ಎಂದರು. ಹೊಸ ಕಪ್ ಬಂದರೆ ಹಳೆಯ ಕೊಡ ಮನೆಗೆ. ವೀರಭದ್ರಮ್ಮ ಅವತ್ತೇ ಕಮಿಟಿಯ ಮೀಟಿಂಗಿಗೆ ತನ್ನ ಖಾನಾವಳಿಯನ್ನು ಬಿಟ್ಟುಕೊಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಹೊಟ್ಟೆ ತುಂಬಿದವರು ಬೇಗ ಒಪ್ಪುತ್ತಾರೆ ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಿತು. ಹೊಟ್ಟೆ ತುಂಬಿದ ಮೇಲೆ ದನಿಗೆ ಇನ್ನಷ್ಟು ಬಲ ಬಂತು.

"ಅಶೋಕ ಚಾಂಪಿಯನ್‌ಶಿಪ್," ಎಂದು ವೆಂಕೋಬ ಮಾಸ್ತರ ಶುರುಮಾಡಿದ. "ಅಶೋಕನ ಹೆಸರು ಕಲ್ಲಿನ ಮ್ಯಾಲೆ ಇಟಗೊಂಡು ಜಗತ್ತಿಗೆ ತೋರಿಸಿದ ಊರು ನಮ್ಮ ಮಸ್ಕಿ. ಹೆಸರಿನ ವಿಷಯದಾಗ ನಮಗ ಯಾರೂ ಕಲಸೋದು ಬ್ಯಾಡ."

"ಯುದ್ಧಾ ಸಾಕು ಅಂತ ಕುಂತ ರಾಜಾನ ಹೆಸರು ಇಟ್ರ ಹುಡುಗ್ರು ಗೋಲ್ ಹೆಂಗ ಹೊಡಿತಾವ ಮಾಸ್ತರ?" ಎಂದ ದಸ್ತಗೀರ್‌ಸಾಬ್ ರೊಟ್ಟಿ ಮುರಿಯುತ್ತ. "ಲಿಂಗಸೂಗೂರು ಅಂದ್ರ ಛಾವಣಿ. ಗೋರಾ ಪಲ್ಟನ್ ಇದ್ದ ಜಾಗಾ. 'ಛಾವಣಿ ಕಪ್' ಅಂದು ನೋಡ್ರಿ, ಏನ್ ರುಬಾಬ್ ಐತಿ!"

"ಪಲ್ಟನ್ ಹೋಗಿ ಯಾವ ಕಾಲ ಆತೋ ಸಾಹೇಬ್ರ. ಈಗ ಅನ್ನ ಹಾಕೋದು ತುಂಗಭದ್ರಾ. ತುಂಗಭದ್ರಾ ಟ್ರೋಫಿ ಅನ್ರಿ," ಎಂದ ಸೂಗಪ್ಪ.

"ನಮ್ಮ ಕಡೆ ಅರ್ಧಾ ಹೊಲಕ್ಕ ಆ ನೀರ ಬಂದಿಲ್ಲ. ಬರೇ ಹೆಸರು ತಗೊಂಡು ಏನು ಭತ್ತಾ ಬೆಳಿಯೋಣು?" ಎಂದು ಮಾಸ್ತರ ಕೇಳಿದ.

"ನಮ್ದಂತೂ ಕೃಷ್ಣಾ ನೀರು," ಎಂದ ದಸ್ತಗೀರ್‌ಸಾಬ್.

ಊರುಗಳ ಹೆಸರನ್ನೇ ಸೇರಿಸಿ ಇಡೋಣವೆಂದರೆ ಯಾವ ಊರು ಮೊದಲು ಎಂಬ ಜಗಳ. ಅದು ಒಂದು ಹಂತಕ್ಕೆ ಬಂದಿತೆನ್ನುವಾಗ ಬಾಲದ ಜಗಳ: ಕಪ್ಪೋ, ಶೀಲ್ಡೋ, ಟೂರ್ನಿಯೋ, ಸರಣಿಯೋ? ಸರಣಿ ಅಂದರೆ ಕ್ರಿಕೆಟ್ಟಿನ ವಾಸನೆ ಬರುತ್ತದೆಂದು ದಸ್ತಗೀರ್‌ಸಾಬ್ ಮೂಗು ಮುರಿದ. ಚಾಂಪಿಯನ್‌ಶಿಪ್ ಅನ್ನಬೇಕಾದರೆ ಮೂರು ತಂಡ ಸಾಲವು ಎಂದು ಮಾಸ್ತರ ತನ್ನ ಮಾತಿಗೆ ತಾನೇ ಅಡ್ಡಗಾಲು ಹಾಕಿದ.

"ಏನರ ಇಡ್ರೀ ಯಪ್ಪಾ, ಲಗೂ ಇಡ್ರಿ!" ಎಂದಳು ವೀರಭದ್ರಮ್ಮ ಒಲೆಯ ಮುಂದಿನಿಂದ. "ಕೂಸಿಗೆ ಹೆಸರಿಡಾಕ ಸೈತ ಇಷ್ಟು ರೊಟ್ಟಿ ಖರ್ಚಾಗಂಗಿಲ್ಲ."

ಅಂಥ ಮೀಟಿಂಗು ಇನ್ನೆರಡಾದವು. ಫೈನಲ್ ಬಂದೇಬಿಟ್ಟಿತು, ಹೆಸರು ಬರಲಿಲ್ಲ. ಬೇಸತ್ತ ಸೂಗಪ್ಪ ಬ್ಯಾನರ್ ಅಂಗಡಿಯ ಆನಂದಕುಮಾರನ ಮೊಬೈಲಿಗೆ ಕೊಡದ ಫೋಟೊ ಕಳಿಸಿ, "ಇದನ್ನ ದೊಡ್ಡದಾಗಿ ಹಾಕು, ಹೆಸರು ಆಮ್ಯಾಲೆ ಹೇಳ್ತೀನಿ" ಎಂದ. ಆಮೇಲೆ ಎನ್ನುವುದು ಬರಲೇ ಇಲ್ಲ. ಆನಂದಕುಮಾರನಿಗೋ ಲಗ್ನದ ಬ್ಯಾನರುಗಳ ಸುಗ್ಗಿ. ಕಾದು ಕಾದು ಫೋಟೊವನ್ನು ಹಿಗ್ಗಿಸಿ ನೋಡಿದ. ಕಪ್ಪಿನ ಮೇಲೆ ಚುಕ್ಕಿಯಲ್ಲಿ ಹೆಸರೇ ಇದೆಯಲ್ಲ! ಇಷ್ಟು ವರ್ಷ ಬ್ಯಾನರ್ ಮಾಡಿದವನು ಅವನು. ವಾಲಿಬಾಲ್ ಆಗಲಿ ಕಬಡ್ಡಿಯಾಗಲಿ, ಮನುಷ್ಯರ ಹೆಸರಿನ ಕಪ್ ಎಂದರೆ ಆ ಮನುಷ್ಯರು ಇಲ್ಲ ಎಂದೇ ಅರ್ಥ. ಬದುಕಿದ್ದವರ ಹೆಸರಿನಲ್ಲಿ ಯಾರು ಆಡಿಸುತ್ತಾರೆ? ತಾನೇ ಬುದ್ಧಿ ಓಡಿಸಿ, ಎರಡು ಬದಿ ದೀಪ ಇಟ್ಟು, ಪ್ರಿಂಟು ತೆಗೆದು, ಬೆಳಕು ಹರಿಯುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಕಟ್ಟಿಸಿದ:

"ದಿವಂಗತ ಶ್ರೀಮತಿ ವೀರಭದ್ರಮ್ಮ ಇವರ ಸ್ಮರಣಾರ್ಥ ಹಾಕಿ ಚಾಂಪಿಯನ್‌ಶಿಪ್ ಸರಣಿ."

ವೀರಭದ್ರಮ್ಮ ಎಂದರೆ ರೊಟ್ಟಿ ಅಕ್ಕನೇ ಎಂದು ಬಲ್ಲವರೊಬ್ಬರು ಹೇಳಿದ್ದೇ ತಡ, ಸುದ್ದಿ ಓಣಿ ಓಣಿ ದಾಟಿತು. ಬೆಳಗಿನ ಹಾಲಿನವನು ಖಾನಾವಳಿಗೆ ಬಂದು ವೀರಭದ್ರಮ್ಮನನ್ನು ಕಂಡು ಹಾಲಿನ ಪಾತ್ರೆ ಅಲ್ಲಿಯೇ ಇಟ್ಟು ಓಡಿದ. ಆಮೇಲೆ ಸಾಲಗುಂದದ ಗಿರಾಕಿಗಳಿಬ್ಬರು ಟೊಪ್ಪಿಗೆ ತೆಗೆದು ಬಾಗಿಲಲ್ಲಿ ನಿಂತರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅಷ್ಟರಲ್ಲಿ ಆಟೋ ಒಂದು ನಿಂತು, ಅದರೊಳಗಿಂದ ಗೊರೇಬಾಳದ ನಾದಿನಿ ಗಂಗಾದೇವಿ ಸೆರಗು ಬಾಯಿಗಿಟ್ಟುಕೊಂಡು ಇಳಿದಳು.

"ನನಗ ಒಂದು ಮಾತು ಹೇಳದಂಗ ಹೋಗಿಬಿಟ್ಟೆಲ್ಲ ವೈನೀ!" ಎಂದು ರಾಗ ತೆಗೆದು ಒಳಗೆ ಬಂದವಳು, ಒಲೆ ಮುಂದೆ ಕೂತ ವೈನಿಯನ್ನು ಕಂಡು ರಾಗವನ್ನು ಅರ್ಧಕ್ಕೆ ನುಂಗಿದಳು.

"ಎಲ್ಲಿಗೆ ಹೋಗಲೇಬೇ? ಹಿಟ್ಟು ಈಗಷ್ಟ ನಾದೀನಿ," ಎಂದಳು ವೀರಭದ್ರಮ್ಮ.

ವಿಷಯ ತಿಳಿದ ಮೇಲೆ ಸೂಗಪ್ಪನ ಗತಿ ಏನಾಯಿತೆಂದು ಬಿಡಿಸಿ ಹೇಳುವುದು ಬೇಡ. ಏಣಿ ಹೊತ್ತು ಓಡಿಹೋಗಿ 'ದಿವಂಗತ'ದ ಮೇಲೆ ಗೊಬ್ಬರದ ಕಂಪನಿಯ ಪೋಸ್ಟರ್ ಅಂಟಿಸಿದ. ಈಗ ಬ್ಯಾನರು ಯೂರಿಯಾ ಶ್ರೀಮತಿ ವೀರಭದ್ರಮ್ಮ ಎಂದು ಓದಿಸಿಕೊಳ್ಳತೊಡಗಿತು. ಅವಳು ಮಾತ್ರ ಅಳಲೂ ಇಲ್ಲ, ಬೈಯಲೂ ಇಲ್ಲ. ತಿಥಿಗೆಂದು ಬಂದ ನಾದಿನಿಗೆ ಒಂದು ಹರಿವಾಣ ಉಳ್ಳಾಗಡ್ಡಿ ಹೆಚ್ಚಲು ಕೊಟ್ಟು, ಆಟಗಾರರಿಗೆಂದು ಮಜ್ಜಿಗೆ ಕಡೆಯಲು ಕೂತಳು.

ಮಧ್ಯಾಹ್ನ ಕಾಲೇಜು ಮೈದಾನದಲ್ಲಿ ಶಾಮಿಯಾನ. ಮಸ್ಕಿಗೂ ಲಿಂಗಸೂಗೂರಿಗೂ ಫೈನಲ್. ಸಿಂಧನೂರು ವಾಡಿಕೆಯಂತೆ ಶಾಮಿಯಾನ ಹಾಕುವುದರಲ್ಲಿ ಮುಂದಿತ್ತು. ವೇದಿಕೆಯ ಮೇಲೆ ಒಂದು ಕಡೆ ಪಂಪಾಪತಿ ಸಾಹುಕಾರರ ಬೆಳ್ಳಿ ಬಣ್ಣದ ಕಪ್, ಇನ್ನೊಂದು ಕಡೆ ಅವಳ ಕೊಡ. ಇಷ್ಟು ವರ್ಷದ ಮೇಲೆ ಅದನ್ನು ಹಗಲಲ್ಲಿ ಹತ್ತಿರದಿಂದ ಕಂಡಳು ವೀರಭದ್ರಮ್ಮ. ಕೊಡದ ಹೊಟ್ಟೆಗೊಂದು ತಗ್ಗು ಬಿದ್ದಿತ್ತು. ಕೊರಳಿಗೆ ಯಾರೋ ಪ್ಲಾಸ್ಟಿಕ್ ಹೂ ಸುತ್ತಿದ್ದರು. ತೊಳೆದು ಯಾವ ಕಾಲವಾಗಿತ್ತೋ ಏನೋ.

ಹೊರಗಿನಿಂದ ಬಂದ ಮುಖ್ಯ ಅತಿಥಿಗಳು ದಾರಿಯಲ್ಲಿ ಬ್ಯಾನರಿನ ಕೆಳಗಿನ ಅರ್ಧ ಓದಿಕೊಂಡೇ ಬಂದಿದ್ದರು. ಮೈಕು ಹಿಡಿದವರೇ, "ಈ ಮಹಾತಾಯಿಯ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ" ಎಂದುಬಿಟ್ಟರು. ಮೈದಾನವೆಲ್ಲ ಎದ್ದು ನಿಂತಿತು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಮಜ್ಜಿಗೆ ಕ್ಯಾನಿನ ಪಕ್ಕದಲ್ಲಿದ್ದ ವೀರಭದ್ರಮ್ಮನೂ ಸೆರಗು ಹೊದ್ದು, ಕಣ್ಣು ಮುಚ್ಚಿ ನಿಂತಳು. ಪಕ್ಕದ ಗಂಗಾದೇವಿ ಮೆಲ್ಲಗೆ ತಿವಿದಳು.

"ವೈನೀ, ನಿನಗ ನಿಂತಾರಬೇ."

ವೀರಭದ್ರಮ್ಮ ಕಣ್ಣು ತೆರೆದಳು. ಸುತ್ತ ನೋಡಿದಳು. ಮೂರು ಊರಿನ ಮಂದಿ ತಲೆ ತಗ್ಗಿಸಿ ನಿಂತಿದ್ದಾರೆ. ಸೂಗಪ್ಪ ಎಲ್ಲರಿಗಿಂತ ಹೆಚ್ಚು ತಗ್ಗಿಸಿದ್ದ.

"ಕುಂದರ್ರೀ ಎಲ್ಲಾರೂ!" ಎಂದಳು, ಮೈಕಿಲ್ಲದೆ ಮೈದಾನಕ್ಕೆಲ್ಲ ಕೇಳುವಂತೆ. "ನಾ ಇಲ್ಲೇ ಅದೀನಿ. ಮಜ್ಜಿಗಿ ಕುಡದು ಆಟಾ ಆಡ್ರಿ."

ನಗೆ ಎದ್ದಿತು ನೋಡಿ, ಅಂಪೈರನಿಗೆ ಸೀಟಿ ಊದಲು ಬಾಯಿ ಕೂಡಲಿಲ್ಲ. ಆ ನಗೆಯಲ್ಲೇ ಆಟ ಶುರುವಾಯಿತು, ಶಾಮಿಯಾನದಲ್ಲಿ ಕಮಿಟಿಯೂ ತಲೆಗೆ ತಲೆ ಸೇರಿಸಿತು.

"ವೀರಭದ್ರಮ್ಮ ಟ್ರೋಫಿ," ಎಂದು ವೆಂಕೋಬ ಮಾಸ್ತರ ಬಾಯಲ್ಲಿ ಆಡಿಸಿ ನೋಡಿದ. "ಕೇಳಾಕೇನು ಕೆಟ್ಟಿಲ್ಲ. ಅಕ್ಕಾರು ಮಸ್ಕಿ ಮಗಳು. ನಮ್ಮೂರಿನ ಹೆಸರ ಅಂದಂಗಾತು."

"ಅವರ ತಾಯಿ ಲಿಂಗಸೂಗೂರು. ಮೊಮ್ಮಗಳು ನಮ್ಮಾಕಿ," ಎಂದ ದಸ್ತಗೀರ್‌ಸಾಬ್.

"ಸೊಸಿ ಸಿಂಧನೂರಿನಾಕಿ," ಎಂದ ಸೂಗಪ್ಪ, ಸ್ವಲ್ಪ ತಡವಾಗಿ.

ಅಷ್ಟು ರೊಟ್ಟಿಗೆ ಬಗೆಹರಿಯದ ಜಗಳ ಆ ಗಳಿಗೆಯಲ್ಲಿ ಬಗೆಹರಿಯಿತು. ಆದರೆ ಅದಕ್ಕೊಂದು ಗಂಟು ಬಿತ್ತು. ವೀರಭದ್ರಮ್ಮ ಟ್ರೋಫಿ ಎಂದ ಮೇಲೆ ಅವಳ ಹೆಸರು ಬರೆದ ಕೊಡವೇ ಟ್ರೋಫಿಯಾಗಬೇಕು, ಇನ್ನು ಮುಂದೆ ಎಂದೆಂದಿಗೂ ಅದೇ. ಕೊಡ ಮನೆಗೆ ಹೋದರೆ ಪಂಪಾಪತಿ ಸಾಹುಕಾರರ ಕಪ್ ಬರುತ್ತದೆ, ಹೆಸರು ಗೊತ್ತಾಗದ್ದಕ್ಕೆ ಅದರ ಮೇಲೆ ಆಗಲೇ ಬರೆಸಿಬಿಟ್ಟಿದ್ದ ಅವರ ಅಪ್ಪನ ಹೆಸರೂ ಬರುತ್ತದೆ. ಮೂವರೂ ಎದ್ದು ಬಂದು ಮಜ್ಜಿಗೆ ಕ್ಯಾನಿನ ಮುಂದೆ ಕೈಕಟ್ಟಿ ನಿಂತು ಇದನ್ನು ಹೇಳಿದರು.

"ವಿಚಾರ ಮಾಡು ತಂಗೆಮ್ಮಾ," ಎಂದ ದಸ್ತಗೀರ್‌ಸಾಬ್. "ನಾವೆಲ್ಲಾ ಹೋದಮ್ಯಾಲೂ ನಿನ್ನ ಹೆಸರು ಮೈಕಿನಾಗ ಕೂಗತಾರ."

ವೀರಭದ್ರಮ್ಮನಿಗೆ ಆಸೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ಬೆಳಗಿನಿಂದ ಊರಿನ ಬಾಯಲ್ಲೆಲ್ಲ ತನ್ನ ಹೆಸರು ಕೇಳುತ್ತಿದ್ದಳು. ಸತ್ತವಳೆಂದು ಕರೆದರೂ ಹೆಸರು ಹೆಸರೇ. ಸಾಲೆ ಬಿಟ್ಟ ಮೇಲೆ ಅಷ್ಟು ಜನ ಅವಳನ್ನು ಅವಳ ಹೆಸರಿನಿಂದ ಕರೆದದ್ದೇ ಇಲ್ಲ. ಎಂಥವಳಿಗೂ ಅದು ಸಿಹಿಯೇ. ಲೋಟಗಳಿಗೆ ಮಜ್ಜಿಗೆ ಸುರಿಯುತ್ತ ಆಟ ಮುಗಿಯುವ ತನಕ ಕೊಡವನ್ನೇ ನೋಡಿದಳು.

ಲಿಂಗಸೂಗೂರು ಗೆದ್ದಿತು. ಅವರ ನಾಯಕ ಫಿರ್ದೋಸ್ ಬೆವರು ಒರೆಸಿಕೊಳ್ಳುತ್ತ ವೇದಿಕೆಗೆ ಬಂದ. ಮುಖ್ಯ ಅತಿಥಿಗಳು ಕೊಡಕ್ಕೆ ಕೈ ಹಾಕುವಷ್ಟರಲ್ಲಿ ವೀರಭದ್ರಮ್ಮ ಮೆಟ್ಟಿಲು ಹತ್ತಿ ಬಂದಳು.

"ಒಂದು ಮಾತು ಐತ್ರೀ," ಎಂದಳು. "ನಮ್ಮವ್ವ ಈ ಕೊಡದ ಮ್ಯಾಲೆ ಹೆಸರು ಯಾಕ ಹಾಕಿಸಿದ್ಲು? ಆಟಕ್ಕ ಇಡಾಕಲ್ಲ. ಎಲ್ಲಿ ಹೋದ್ರೂ ಮನೀಗೆ ತಿರುಗಿ ಬರಲಿ ಅಂತ. ನೀವು ಇಷ್ಟು ವರ್ಷ ಆ ಹೆಸರು ಓದಿದ್ರಿ, ಒಬ್ಬರಿಗೂ ತಿಳೀಲಿಲ್ಲೇನು? ಸಾವುಕಾರ್ರ ಅಪ್ಪಾರ ಹೆಸರ ಇಡ್ರಿ, ದೊಡ್ಡವರು, ನನಗ ಸಂತೋಷ. ಹೆಸರಿನಾಗ ನೀರು ತುಂಬಾಕ ಬರಂಗಿಲ್ಲ. ನನಗ ನನ್ನ ಕೊಡಾ ಬೇಕು. ಮಗಳ ಲಗ್ನ ಐತಿ."

ಫಿರ್ದೋಸ್ ಸಿಂಧನೂರಿಗೆ ಬಂದಾಗೆಲ್ಲ ಅವಳ ಖಾನಾವಳಿಯಲ್ಲೇ ಉಂಡವನು. ಎರಡೂ ಕೈಯಿಂದ ಕೊಡ ಎತ್ತಿ, ಪ್ಲಾಸ್ಟಿಕ್ ಹೂ ಕಿತ್ತು, ಅವಳ ಕೈಗಿಟ್ಟ. "ತಗೋರಿ ಅಕ್ಕಾ. ತಗ್ಗು ನಂದ, ಮಾಫ್ ಮಾಡ್ರಿ. ಹೋದ ವರ್ಷ ಕುಣಿಯೋಮುಂದ ಬಿತ್ತು."

ವೀರಭದ್ರಮ್ಮ ಕೊಡವನ್ನು ಟೊಂಕಕ್ಕೇರಿಸಿದಳು. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೈದಾನ ದಾಟಿ ಅವಳು ಗೇಟಿನ ಕಡೆ ನಡೆದಾಗ ಹಿಂದೆ ಮೈಕಿನಲ್ಲಿ ವೆಂಕೋಬ ಮಾಸ್ತರ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ದೊಡ್ಡ ಕಪ್ ಲಿಂಗಸೂಗೂರಿಗೆ ಎಂದ. ತಡೆದು, "ಕೊಡಾ ಗೆದ್ದವರು ಶ್ರೀಮತಿ ವೀರಭದ್ರಮ್ಮ" ಎಂದ. ಮೂರೂ ಊರಿನವರು ಚಪ್ಪಾಳೆ ಹೊಡೆದರು. ಅವಳಿಗೆ ಎಲ್ಲ ಚೆನ್ನಾಗಿ ಕೇಳಿಸಿತು. ತಿರುಗಿ ಮಾತ್ರ ನೋಡಲಿಲ್ಲ. ತಿರುಗಿದರೆ ಯಾರಾದರೂ ಮತ್ತೆ ಮೀಟಿಂಗು ಕರೆದಾರು ಎಂಬ ಹೆದರಿಕೆ.

ಖಾನಾವಳಿಯ ಬಾಗಿಲಲ್ಲಿ ರಾಜಶ್ರೀ ನಿಂತಿದ್ದಳು. ಅವ್ವನ ಮುಖ ನೋಡಿದಳು, ಕೊಡ ನೋಡಿದಳು, ನಂಬಿಕೆಯಾಗಲಿಲ್ಲ.

"ಯಾರು ಗೆದ್ರಬೇ ಯವ್ವಾ?"

"ನಾ ಗೆದ್ದೀನಿ," ಎಂದಳು ವೀರಭದ್ರಮ್ಮ. "ಹುಣಸಿಹಣ್ಣು ತಗೊಂಡು ಬಾ, ತಿಕ್ಕೋಣು."